ಸೌದೆ ಒಲೆಯಿಂದ ಗೋಬರ್ ಗ್ಯಾಸಿಗೆ

ಕೋಲಾರ ಸೀಮೆಯ ಇತಿಹಾಸ ಬರೆದವರು ಗಂಗರನ್ನು ಬರೆದರು, ಚಿನ್ನದ ಗಣಿಯನ್ನು ಬರೆದರು, ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯನ್ನು ಬರೆದರು. ಒಲೆಯನ್ನು ಬರೆದವರು ಕಡಿಮೆ. ಈ ಸೀಮೆಯ ಹೆಂಗಸರ ಆಯಸ್ಸಿನ ಎಷ್ಟೋ ಭಾಗ ಕಳೆದದ್ದು ಮಾತ್ರ ಅದರ ಮುಂದೆಯೇ.

ವರ್ಷವಿಡೀ ಹರಿಯುವ ನದಿಯಿಲ್ಲದ, ದಟ್ಟ ಕಾಡೂ ಇಲ್ಲದ ನಾಡಿದು. ಸಿಕ್ಕಿದ್ದೇ ಸೌದೆ. ರೇಷ್ಮೆ ಬೆಳೆಯುವ ಮನೆಗಳಲ್ಲಿ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಶ್ರೀನಿವಾಸಪುರದಲ್ಲಿ ಮಾವಿನ ತೋಪಿನ ಒಣ ಕೊಂಬೆ, ಕೆರೆಯಂಗಳದ ಜಾಲಿ, ಏನೂ ಇಲ್ಲದವರಿಗೆ ಬೆರಣಿ. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಗೂಡುಗಳೂ ಸೌದೆಗೆ ಬಾಯಿ ತೆರೆದಿದ್ದವು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಯ ಒಲೆಗೆ ಸೌದೆ ಒದಗಿಸುವುದು ಅದರ ಉದ್ದೇಶಗಳಲ್ಲೊಂದು. ಬೆಳೆದದ್ದು ನೀಲಗಿರಿ. ರಾಗಿ ಹೊಲದಲ್ಲಿ ನಿಂತ ಆ ಮರ ಒಲೆಗೆ ಬರುವ ಬದಲು ಲಾರಿ ಹತ್ತಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಗ್ಯಾಸ್ ಎಂದರೆ ಇಂದು ನಮಗೆ ಸಿಲಿಂಡರ್ ನೆನಪಾಗುತ್ತದೆ. ಇಂಡೇನ್ ಸಿಲಿಂಡರ್ ದೇಶದಲ್ಲಿ ಶುರುವಾದದ್ದು 1965ರಲ್ಲಿ. ಅದು ಹಳ್ಳಿ ಮುಟ್ಟಲು ದಶಕಗಳು ಹಿಡಿದವು. ದನವಿದ್ದ ಎಷ್ಟೋ ಮನೆಗಳಿಗೆ ಅದಕ್ಕೂ ಮುಂಚೆ ಬಂದದ್ದು ಗೋಬರ್ ಗ್ಯಾಸ್. ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ಯೋಜನೆ ಆರಂಭಿಸಿದ್ದು 1981-82ರಲ್ಲಿ. 1984ರಲ್ಲಿ ದೀನಬಂಧು ಮಾದರಿ ಬಂತು. ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮಿನ ಬದಲು ನೆಲದೊಳಗೆ ಇಟ್ಟಿಗೆ, ಸಿಮೆಂಟಿನ ಗುಮ್ಮಟ. ಇದನ್ನು ಕಟ್ಟಲು ನುರಿತ ಗಾರೆ ಕೆಲಸದವರೇ ಬೇಕು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗ್ಯಾಸ್ ಸೋರಿ ಹೋಗುತ್ತದೆ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಗಾಳಿಯಾಡದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮಿಥೇನ್ ಕೊಡುತ್ತವೆ. ಗ್ಯಾಸ್ ಕೊಳವೆಯಲ್ಲಿ ಅಡುಗೆಮನೆಗೆ, ಬಗ್ಗಡ ಹೊಲಕ್ಕೆ.

ಡೇರಿಗೆ ಹಾಲು ಹಾಕುವ ಸೀಮೆ ಹಸುಗಳನ್ನು ಮನೆ ಮುಂದೆಯೇ ಕಟ್ಟಿ ಸಾಕುವ ಜಿಲ್ಲೆಗೆ ಇದು ಹೇಳಿ ಮಾಡಿಸಿದಂತಿತ್ತು. ಕೋಲಾರದ ಎಸ್‌ಕೆಜಿ ಸಂಘ ಇಂಥ ಘಟಕಗಳನ್ನು ಸಾವಿರಾರು ಮನೆಗಳಿಗೆ ಕಟ್ಟಿಸಿ, 2007ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಪಡೆಯಿತು. ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಬಾಗೇಪಲ್ಲಿಯ ಕೂಲಿ ಸಂಘದ 5,500 ಘಟಕಗಳ ಯೋಜನೆ 2005ರಲ್ಲಿ ಕ್ಯೋಟೋ ಒಪ್ಪಂದದಡಿ ನೋಂದಣಿಯಾಯಿತು. ಸುಡದೆ ಉಳಿದ ಸೌದೆಯ ಲೆಕ್ಕ ಹಿಡಿದು ಪರದೇಶದವರು ಹಣ ಕೊಡುವ ಕಾಲವದು.

ಹೊಗೆ ಹೋಯಿತು, ಮಸಿ ಹೋಯಿತು. ಆದರೆ ಹೊಸ ಒಲೆ ಎಲ್ಲದಕ್ಕೂ ಒಗ್ಗಲಿಲ್ಲ. ನೆಲದ ಒಲೆಯ ಮುಂದೆ ಕುಳಿತು, ಪಾತ್ರೆಯನ್ನು ಅದುಮಿ ಹಿಡಿದು ಮುದ್ದೆ ತೊಳಸುತ್ತಿದ್ದವರಿಗೆ ಕಟ್ಟೆಯ ಮೇಲಿನ ಸ್ಟೌವಿನಲ್ಲಿ ಪಾತ್ರೆ ಜಾರುತ್ತಿತ್ತು. ಗ್ಯಾಸಿನಲ್ಲಿ ಕೆಂಡವೂ ಉಳಿಯುವುದಿಲ್ಲ. ಮುಚ್ಚಳದ ಮೇಲೆ ಕೆಂಡ ಸುರಿದು ಬಿರಿಯಾನಿ ದಮ್ಮಿಗಿಡುವ ನಮ್ಮ ಬಾವರ್ಚಿಗಳು ಮದುವೆಯ ದೇಗಿಗೆ ಸೌದೆಯನ್ನೇ ಕೇಳುವುದು ಹಟಕ್ಕಲ್ಲ.

ನಮ್ಮನ್ನು ಕಾಡುವ ವಿಷಯ ಬೇರೆ. ಗೋಬರ್ ಗ್ಯಾಸಿಗೆ ದನ ಬೇಕು, ಗುಂಡಿ ತೋಡಲು ಜಾಗ ಬೇಕು, ನೀರು ಬೇಕು. ಸಾವಿರ ಅಡಿ ಕೊಳವೆಬಾವಿಯೂ ಬತ್ತುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಜಮೀನಿಲ್ಲದ ದಲಿತರ ಕೇರಿಗೆ, ಒತ್ತೊತ್ತಾಗಿ ಮನೆಗಳಿರುವ ಮುಸ್ಲಿಮರ ಮೊಹಲ್ಲಾಗಳಿಗೆ ಅದು ಹೇಗೆ ಬಂದೀತು? ಮಿಗಿಲಾಗಿ, ದಾರಿಯಲ್ಲಿ ಬಿದ್ದ ಸಗಣಿ ಆಯ್ದು ಬೆರಣಿ ತಟ್ಟುತ್ತಿದ್ದ ಬಡ ಹೆಂಗಸಿಗೆ ಅದುವರೆಗೆ ಬಿಟ್ಟಿ ಸಿಗುತ್ತಿದ್ದ ಉರುವಲೂ ತಪ್ಪುತ್ತದೆ, ಏಕೆಂದರೆ ಗುಂಡಿ ಇದ್ದವರ ಮನೆಯಲ್ಲಿ ಸಗಣಿಗೂ ಬೆಲೆ ಬಂದಿರುತ್ತದೆ. ಒಂದು ಅಡುಗೆಮನೆಯ ಹೊಗೆ ಕಳೆದ ಯೋಜನೆ ಇನ್ನೊಂದರ ಒಲೆ ಹೊತ್ತಿಸುವುದನ್ನು ಕಷ್ಟ ಮಾಡಬಲ್ಲದು. ಪ್ರಶಸ್ತಿಯ ಸುದ್ದಿಗಳಲ್ಲಿ ಈ ಲೆಕ್ಕ ಬರುವುದಿಲ್ಲ.

ದನವಿಲ್ಲದ ಬಡವರ ಮನೆಗೆ ಸಿಲಿಂಡರ್ ತಂದದ್ದು 2016ರ ಉಜ್ವಲ ಯೋಜನೆ, ಅದರ ಬೆನ್ನಿಗೆ ರಾಜ್ಯದ ಅನಿಲ ಭಾಗ್ಯ. ಮೊದಲ ಸಿಲಿಂಡರ್ ಸುಲಭವಾಗಿ ಬಂತು. ಮುಂದಿನದಕ್ಕೆ ಕೂಲಿಯ ದುಡ್ಡಿನಲ್ಲಿ ಉಳಿಸಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ಚಹಾಕ್ಕೆ, ನೆಂಟರು ಬಂದಾಗಿನ ಅಡುಗೆಗೆ. ಮುದ್ದೆಗೆ, ಸ್ನಾನದ ಹಂಡೆಗೆ ಹಿತ್ತಲಿನ ಮೂರು ಕಲ್ಲಿನ ಒಲೆ.