ನಾಲ್ಕು ಗಂಟೆಯ ಸಿಗ್ನಲ್ಲು, ನೂರು ಟರ್ಮಿನಲ್ಲು

ಒಂದೇ ಕಮಾಂಡನ್ನು ನೂರು ಕಂಪ್ಯೂಟರುಗಳಲ್ಲಿ ಒಂದೇ ಸಲ ಓಡಿಸುವುದು ಹೇಗೆ? ಸರ್ವರುಗಳ ಜೊತೆ ಏಗುವವರಿಗೆಲ್ಲ ಇದು ದಿನನಿತ್ಯದ ಪ್ರಶ್ನೆ. ಸರ್ವರ್ ಅಮೆರಿಕದಲ್ಲೋ ಸಿಂಗಾಪುರದಲ್ಲೋ ಇರುತ್ತದೆ. ನಾವು ಇಲ್ಲಿ ಕೂತು ಎಸ್‌ಎಸ್‌ಎಚ್ ಎಂಬ ತಂತ್ರಾಂಶದ ಮೂಲಕ ಅದರೊಳಗೆ ಹೊಕ್ಕು, ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ಕೆಲಸ ಮಾಡಿಸುತ್ತೇವೆ. ಒಂದು ಸರ್ವರ್ ಆದರೆ ಒಂದು ಪರದೆ ಸಾಕು. ನೂರಾದರೆ?

ಇದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ ತಲೆನೋವು ಅಂತ ನೀವು ಅಂದುಕೊಂಡಿದ್ದರೆ, ಒಮ್ಮೆ ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗಿ ಬನ್ನಿ. ನೂರು ವರ್ಷಕ್ಕೂ ಹಿಂದೆಯೇ ಆ ಹಳಿಯ ಮೇಲೆ ಇದಕ್ಕೆ ಉತ್ತರ ಸಿಕ್ಕಿತ್ತು. ಅದೂ ನಮ್ಮದಕ್ಕಿಂತ ಚೆನ್ನಾಗಿ!

ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾದದ್ದು 1882ರಲ್ಲಿ. ಆ ದಶಕದಲ್ಲೇ ಲೋಂಡಾ-ಬೆಳಗಾವಿ ಮೀಟರ್ ಗೇಜ್ ಹಳಿ ಬಂತು. ಲೋಂಡಾ ಬಿಟ್ಟರೆ ಗುಂಜಿ, ಖಾನಾಪುರ, ಇದಲಹೊಂಡ, ದೇಸೂರ, ಆಮೇಲೆ ಬೆಳಗಾವಿ. ಆ ಕಾಲದ ಎಲ್ಲ ಹಳಿಗಳ ಹಾಗೆ ಇಲ್ಲೂ ಹಳಿಯ ಪಕ್ಕ ಟೆಲಿಗ್ರಾಫ್ ತಂತಿ. ಹಳಿ ರೈಲು ಓಡಿಸಲಿಕ್ಕೆ, ತಂತಿ ಆ ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳಲಿಕ್ಕೆ.

ಡಿಕ್ಕಿ ತಪ್ಪಿಸಬೇಕಾದರೆ ಮೊದಲು ಎಲ್ಲ ಸ್ಟೇಷನ್ನಿನ ಗಡಿಯಾರಗಳೂ ಒಂದೇ ಹೊತ್ತು ತೋರಿಸಬೇಕು. ಅದೇ ದೊಡ್ಡ ತೊಡಕಾಗಿತ್ತು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಬೆಳಗಾವಿ, ಖಾನಾಪುರ ಎರಡೂ ಹೆಚ್ಚುಕಡಿಮೆ 74.5 ಡಿಗ್ರಿ ರೇಖಾಂಶದಲ್ಲಿವೆ, ಮದ್ರಾಸು 80 ಡಿಗ್ರಿಯ ಆಚೆ. ಲೆಕ್ಕ ಹಾಕಿ ನೋಡಿ. ಮದ್ರಾಸಿನಲ್ಲಿ ಸೂರ್ಯ ನೆತ್ತಿಗೆ ಬಂದು ಸುಮಾರು 23 ನಿಮಿಷ ಕಳೆದ ಮೇಲೆ ನಮ್ಮ ಬೆಳಗಾವಿಯಲ್ಲಿ ನೆತ್ತಿಗೆ ಬರುತ್ತಾನೆ. ಪ್ರತಿ ಊರೂ ತನ್ನ ಸೂರ್ಯನನ್ನೇ ನಂಬಿಕೊಂಡು ಕೂತರೆ ರೈಲಿನ ವೇಳಾಪಟ್ಟಿ ಬರೆಯುವುದಾದರೂ ಹೇಗೆ? ಹಾಗಾಗಿ 20ನೇ ಶತಮಾನದ ಆರಂಭದವರೆಗೆ ಭಾರತದ ರೈಲುಗಳು ಓಡಿದ್ದು ಮದ್ರಾಸ್ ಟೈಮಿನ ಮೇಲೆ. ಮದ್ರಾಸಿನ ವೀಕ್ಷಣಾಲಯದ ಗಡಿಯಾರದಿಂದ ದಿನವೂ ಸಂಜೆ 4 ಗಂಟೆಗೆ ದೇಶದ ಟೆಲಿಗ್ರಾಫ್ ಕಚೇರಿಗಳಿಗೆ ಒಂದು ಸಿಗ್ನಲ್ ಹೋಗುತ್ತಿತ್ತು. ಎಲ್ಲರೂ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

1906ರಲ್ಲಿ ಈಗಿನ ಭಾರತೀಯ ಪ್ರಮಾಣ ಸಮಯ ಬಂತು. ಆದರೆ ನಾಲ್ಕು ಗಂಟೆಯ ಪದ್ಧತಿ ಹೋಗಲಿಲ್ಲ. ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳ ಪುಸ್ತಕ ಸಿಕ್ಕರೆ ತೆರೆದು ನೋಡಿ. ದಿನವೂ 16.00 ಗಂಟೆಗೆ ಮುಖ್ಯ ಸ್ಟೇಷನ್ನುಗಳಿಗೆಲ್ಲ ಸಮಯ ಮುಟ್ಟಿಸಬೇಕು ಅಂತ ಈಗಲೂ ಬರೆದಿದೆ. ಒಂದೇ ಕಮಾಂಡು, ನೂರಾರು ಕಡೆ, ಒಂದೇ ಸಲ!

ಈ ಕಮಾಂಡಿನ ಗುಣ ಗಮನಿಸಿ. ಎಲ್ಲರಿಗೂ ಒಂದೇ ಮಾತು. ಎರಡು ಸಲ ಕೇಳಿಸಿಕೊಂಡರೆ ನಷ್ಟವಿಲ್ಲ. ಇವತ್ತು ಯಾರಿಗಾದರೂ ತಪ್ಪಿತೋ, ನಾಳೆ ನಾಲ್ಕಕ್ಕೆ ಮತ್ತೆ ಬರುತ್ತದೆ. ಅಂದ ಹಾಗೆ, ಕಮಾಂಡ್ ಕಳಿಸಿದ ಮಾತ್ರಕ್ಕೆ ಅದು ಜಾರಿಯಾಯಿತು ಅಂತಲ್ಲ. ಪ್ರಮಾಣ ಸಮಯ ಬಂದ ಮೇಲೂ ಮುಂಬಯಿ ತನ್ನದೇ ಬಾಂಬೆ ಟೈಮನ್ನು 1955ರವರೆಗೆ ಇಟ್ಟುಕೊಂಡಿತ್ತು :-)

ಈಗ ಇನ್ನೊಂದು ಮಾತು ನೋಡಿ, "ಲೈನ್ ಕ್ಲಿಯರ್". ಅಂದರೆ, "ಹಳಿ ಖಾಲಿ ಇದೆ, ರೈಲು ಕಳಿಸು." ಇದನ್ನು ರೈಲ್ವೆಯವರು ಎಂದಿಗೂ ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಿಲ್ಲ. ಖಾನಾಪುರದ ಸ್ಟೇಷನ್ ಮಾಸ್ಟರ್ ಪಕ್ಕದ ಸ್ಟೇಷನ್ನಿನವರನ್ನು ಮಾತ್ರ ಕೇಳಬೇಕು, ಅವರು ಮಾತ್ರ ಉತ್ತರ ಕೊಡಬೇಕು. ಒಂಟಿ ಹಳಿಯ ಕಾಲದಲ್ಲಿ ದಕ್ಷಿಣ ಭಾರತದ ಎಷ್ಟೋ ಸ್ಟೇಷನ್ನುಗಳಲ್ಲಿ ಇದಕ್ಕೊಂದು ಯಂತ್ರವೇ ಇತ್ತು. ಎರಡು ಸ್ಟೇಷನ್ನುಗಳ ಯಂತ್ರಗಳಿಗೆ ತಂತಿಯ ನಂಟು. ಆಚೆಯವರು ಒಪ್ಪಿದರೆ ಮಾತ್ರ ಈಚೆ ಯಂತ್ರದಿಂದ ಒಂದು ಲೋಹದ ಗುಂಡು, ಅಂದರೆ ಟೋಕನ್, ಹೊರಗೆ ಬರುತ್ತದೆ. ಅದು ಡ್ರೈವರ್ ಕೈ ಸೇರಿದರೆ ಮಾತ್ರ ರೈಲು ಹೊರಡುತ್ತದೆ. ಒಂದು ಗುಂಡು ಹೊರಗಿರುವಾಗ ಎರಡನೆಯದು ಎರಡೂ ಕಡೆಯಿಂದ ಬರುವುದಿಲ್ಲ. ಫೋನಿನಲ್ಲಿ ಮಾತಾಡುವಾಗಲೂ ಅಷ್ಟೇ, "ಆಯ್ತು" ಅಂದರೆ ಸಾಲದು. ಪಟ್ಟಿಯಲ್ಲಿರುವ ಒಂದು ಪ್ರೈವೇಟ್ ನಂಬರನ್ನು ಹೇಳಿ, ಆಚೆಯವರು ಅದನ್ನು ಬರೆದುಕೊಳ್ಳಬೇಕು.

ಅಂದರೆ ಅವರ ಹತ್ತಿರ ಎರಡು ಬಗೆಯ ಕಮಾಂಡುಗಳಿದ್ದವು. ಒಂದು, ಎಲ್ಲರಿಗೂ ಕೂಗಬಹುದಾದದ್ದು. ಇನ್ನೊಂದು, ಒಬ್ಬರಿಗೆ ಹೇಳಿ, ಉತ್ತರ ಪಡೆದು, ಆಮೇಲೆ ಮುಂದೆ ಹೋಗಬೇಕಾದದ್ದು. ಎರಡನೆಯದನ್ನು ಮೊದಲನೆಯದರ ಹಾಗೆ ಕಳಿಸಿದರೆ ಜನ ಸಾಯುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಕಂಪ್ಯೂಟರಿನವರು ಈ ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು.

1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಆರ್‌ಎಸ್‌ಎಚ್ ಎಂಬ ಕಮಾಂಡ್ ಇತ್ತು. ಒಂದು ಯಂತ್ರದಲ್ಲಿ ಕೂತು ಇನ್ನೊಂದರಲ್ಲಿ ಕೆಲಸ ಮಾಡಿಸಬಹುದಿತ್ತು, ಪಟ್ಟಿಯಲ್ಲಿ ಹೆಸರಿದ್ದರೆ ಪಾಸ್‌ವರ್ಡನ್ನೂ ಕೇಳುತ್ತಿರಲಿಲ್ಲ. ಈ ನಂಬಿಕೆಯ ಬೆಲೆ ತಿಳಿದದ್ದು 1988ರ ನವೆಂಬರಿನಲ್ಲಿ. ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು ಯಂತ್ರದಿಂದ ಯಂತ್ರಕ್ಕೆ ಹಾರಿ ಸಾವಿರಾರು ಕಂಪ್ಯೂಟರುಗಳನ್ನು ಮಲಗಿಸಿತು. ಅದು ಹಿಡಿದ ದಾರಿಗಳಲ್ಲಿ ಆರ್‌ಎಸ್‌ಎಚ್ ಕೂಡ ಒಂದು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದರು. ಅಲ್ಲಿಯ ತಾತು ಯುಲೊನೆನ್ ಎಂಬುವರು ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದು ಹಂಚಿದರು. 1999ರಲ್ಲಿ ಓಪನ್‌ಬಿಎಸ್‌ಡಿಯವರ ಓಪನ್‌ಎಸ್‌ಎಸ್‌ಎಚ್ ಬಂತು. ಇವತ್ತು ಹೆಚ್ಚಿನವರು ಬಳಸುವುದು ಅದನ್ನೇ.

ತಂತಿ ಭದ್ರವಾಯಿತು, ಸರಿ. ಆದರೆ ನೂರು ಸರ್ವರುಗಳ ಪ್ರಶ್ನೆ ಹಾಗೇ ಉಳಿಯಿತಲ್ಲ? ಒಂದೊಂದಾಗಿ ಹೊಕ್ಕು ಬೇಸತ್ತವರು ಬೇರೆ ಬೇರೆ ಸಲಕರಣೆ ಮಾಡಿಕೊಂಡರು. ಕ್ಲಸ್ಟರ್‌ಎಸ್‌ಎಸ್‌ಎಚ್‌ನಲ್ಲಿ ಹತ್ತಾರು ಕಿಟಕಿ ತೆರೆದು ಒಂದು ಕಡೆ ಟೈಪ್ ಮಾಡಿದರೆ ಎಲ್ಲದರಲ್ಲೂ ಅಕ್ಷರ ಮೂಡುತ್ತದೆ. ಟಿಮಕ್ಸ್‌ನಲ್ಲೂ ಪರದೆಯ ಹೋಳುಗಳನ್ನು ಹೀಗೆ ಜೋಡಿಸಬಹುದು. ಪಿಎಸ್‌ಎಸ್‌ಎಚ್, ಪಿಡಿಎಸ್‌ಎಚ್ ಯಂತ್ರಗಳ ಪಟ್ಟಿ ಓದಿಕೊಂಡು ಎಲ್ಲ ಕಡೆ ಕಮಾಂಡ್ ಓಡಿಸುತ್ತವೆ.

ಮೊದಲ ಸಲ ನೋಡಿದರೆ ಮಾಯಾಬಜಾರು! ಆದರೆ ನೂರು ಕಿಟಕಿಗಳಲ್ಲಿ ಒಂದು ಬೇರೆ ಫೋಲ್ಡರಿನಲ್ಲಿ ನಿಂತಿದ್ದರೆ? ಅಳಿಸುವ ಕಮಾಂಡ್ ಅಲ್ಲಿ ಏನನ್ನು ಅಳಿಸುತ್ತದೆ? ಮೂರು ಸರ್ವರುಗಳು ಉತ್ತರ ಕೊಡದಿದ್ದರೆ ಓಡುವ ಅಕ್ಷರಗಳ ನಡುವೆ ಅದು ಕಣ್ಣಿಗೆ ಬೀಳುತ್ತದೆಯೇ?

ಇದಕ್ಕೆ ಬೇರೆ ಉತ್ತರ ಹುಡುಕಿದವರು ಮಾರ್ಕ್ ಬರ್ಜೆಸ್. 1993ರಲ್ಲಿ ಆಸ್ಲೋದಲ್ಲಿ ಬರೆದ ಸಿಎಫ್‌ಎಂಜಿನ್‌ನಲ್ಲಿ "ಇದನ್ನು ಮಾಡು" ಅನ್ನುವ ಬದಲು "ಯಂತ್ರ ಹೀಗಿರಬೇಕು" ಅಂತ ಬರೆಯುತ್ತೇವೆ. ಹಾಗಿದ್ದರೆ ಮುಟ್ಟುವುದಿಲ್ಲ, ಇಲ್ಲದಿದ್ದರೆ ಸರಿಪಡಿಸುತ್ತದೆ. ಎಷ್ಟು ಸಲ ಹೇಳಿದರೂ ತೊಂದರೆಯಿಲ್ಲ. ಅರೆ, ಇದು ನಾಲ್ಕು ಗಂಟೆಯ ಸಿಗ್ನಲ್ ಅಲ್ಲವೇ! 2005ರ ಪಪೆಟ್, 2012ರ ಆನ್ಸಿಬಲ್ ಇದೇ ದಾರಿಯವು. ಆನ್ಸಿಬಲ್ ಓಡುವುದು ಎಸ್‌ಎಸ್‌ಎಚ್ ಮೇಲೆಯೇ. ಅದರಲ್ಲಿ "ಸೀರಿಯಲ್" ಅಂತ ಒಂದು ಆಯ್ಕೆ ಇದೆ. ನೂರಕ್ಕೂ ಒಟ್ಟಿಗೆ ಬೇಡ, ಮೊದಲು ಐದಕ್ಕೆ, ಅವು ಸರಿಯಾದರೆ ಮುಂದಿನ ಐದಕ್ಕೆ. ಇದು ಲೈನ್ ಕ್ಲಿಯರ್!

ಇನ್ನೊಂದು ತಮಾಷೆ ಕೇಳಿ. 2012ರ ಜೂನ್ 30ರಂದು ಜಗತ್ತಿನ ಗಡಿಯಾರಕ್ಕೆ ಒಂದು ಅಧಿಕ ಸೆಕೆಂಡ್ ಸೇರಿತು. ನಮ್ಮಲ್ಲಿ ಅದು ಭಾನುವಾರ ಬೆಳಗಿನ ಐದೂವರೆ. ಲಿನಕ್ಸ್‌ನ ಒಂದು ದೋಷದಿಂದಾಗಿ ಎಷ್ಟೋ ಸರ್ವರುಗಳು ಆ ಕ್ಷಣದಿಂದ ಸುಮ್ಮನೆ ಗಿರಗಿರ ತಿರುಗತೊಡಗಿದವು. ರೆಡಿಟ್, ಮೊಜಿಲ್ಲಾ ಜಾಲತಾಣಗಳು ತೊಂದರೆಗೆ ಸಿಕ್ಕವು. ಪರಿಹಾರ ಏನು ಗೊತ್ತೇ? ಗಡಿಯಾರಕ್ಕೆ ಅದೇ ಹೊತ್ತನ್ನು ಮತ್ತೊಮ್ಮೆ ಹೇಳುವುದು! ಅವತ್ತು ಪ್ರಪಂಚದ ಸಿಸ್ಟಂ ಅಡ್ಮಿನ್‌ಗಳು ತಮ್ಮ ಸರ್ವರುಗಳಿಗೆಲ್ಲ ಕಳಿಸಿದ್ದು "ಡೇಟ್" ಕಮಾಂಡನ್ನು. ಮದ್ರಾಸಿನ ನಾಲ್ಕು ಗಂಟೆಯ ಕೆಲಸವನ್ನೇ ಅವರೂ ಮಾಡಿದರು.

ತಮಾಷೆಯಲ್ಲದ್ದು 2024ರ ಜುಲೈ 19ರದು. ಕ್ರೌಡ್‌ಸ್ಟ್ರೈಕ್ ಕಂಪನಿ ದೋಷವಿದ್ದ ಒಂದು ಫೈಲನ್ನು ಎಲ್ಲ ಕಡೆ ಒಮ್ಮೆಗೇ ಕಳಿಸಿತು. 78 ನಿಮಿಷದಲ್ಲಿ ವಾಪಸ್ ತೆಗೆದರೂ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದುಹೋಗಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಬಿದ್ದ ಯಂತ್ರ ಏಳುವುದೇ ಇಲ್ಲ ಅಂದಮೇಲೆ ದೂರದಿಂದ ಹೊಕ್ಕುವುದಾದರೂ ಎಲ್ಲಿಂದ? ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ಮನುಷ್ಯರು ಹೋಗಿ ಕೂರಬೇಕಾಯಿತು. ಕೆಡಿಸಲು ಒಂದು ಕಮಾಂಡ್, ಸರಿಪಡಿಸಲು ಲಕ್ಷಾಂತರ ಕೈ.

ಸಲಕರಣೆ ಯಾವುದು ಒಳ್ಳೆಯದು ಅಂತ ನಮ್ಮವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮಾಡಲಿ ಬಿಡಿ. ನನಗೆ ಮುಖ್ಯ ಅನ್ನಿಸುವುದು ಎಂಟರ್ ಒತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ನಾನು ಈಗ ಕಳಿಸುತ್ತಿರುವುದು ನಾಲ್ಕು ಗಂಟೆಯ ಸಿಗ್ನಲ್ಲೋ, ಲೈನ್ ಕ್ಲಿಯರ್ರೋ? ಮೊದಲನೆಯದಾದರೆ ನೂರಕ್ಕೂ ಧಾರಾಳವಾಗಿ ಕಳಿಸಿ. ಎರಡನೆಯದಾದರೆ ಒಂದು ಸರ್ವರಿಗೆ ಕಳಿಸಿ, ಉತ್ತರ ಬರುವವರೆಗೆ ಕಾಯಿರಿ. ಲೈನ್ ಕ್ಲಿಯರ್ ಸಿಗದೆ ಖಾನಾಪುರದಿಂದ ಯಾವ ರೈಲೂ ಹೊರಡುತ್ತಿರಲಿಲ್ಲ.