ಸಂದಿಯಿಂದ ಸರ್ವಿಸ್ ಲಿಫ್ಟಿನವರೆಗೆ

ಬೆಂಗಳೂರಿನ ಪೂರ್ವದ ಕಡೆ, ಹಲಸೂರಿನಿಂದ ಹಿಡಿದು ಹಳೇ ಮದರಾಸು ರಸ್ತೆಯುದ್ದಕ್ಕೂ ಕೃಷ್ಣರಾಜಪುರದವರೆಗೆ ಎದ್ದು ನಿಂತಿರುವ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಜಾಹೀರಾತನ್ನು ಒಮ್ಮೆ ಓದಿ ನೋಡಿ. ಈಜುಕೊಳ, ಕ್ಲಬ್‌ಹೌಸು, ಜಿಮ್ಮು, ಟೆನಿಸ್ ಅಂಗಳ, ಮುದುಕರಿಗೆ ನಡೆಯುವ ದಾರಿ, ಹಗಲೂ ರಾತ್ರಿ ಕರೆಂಟು, ನೀರು, ಕಾವಲು. ಇವಕ್ಕೆಲ್ಲ ಒಟ್ಟಾಗಿ 'ಸೌಲಭ್ಯ' ಅಂತ ಹೆಸರು. ಪಟ್ಟಿಯ ಕೊನೆಯಲ್ಲಿ, ಇದ್ದೂ ಇಲ್ಲದ ಹಾಗೆ, ಇನ್ನೆರಡು ಸೌಲಭ್ಯ ಇರುತ್ತವೆ: ಸರ್ವಿಸ್ ಲಿಫ್ಟು ಮತ್ತು ಸರ್ವೆಂಟ್ ರೂಮು. ಈ ಕಟ್ಟಡಗಳ ನಿಜವಾದ ವಂಶಾವಳಿ ಇರುವುದು ಈ ಎರಡರಲ್ಲಿ ಅಂತ ನನ್ನ ಅನಿಸಿಕೆ. ಹಳ್ಳಿಯಲ್ಲಿ ಕೇರಿ ಎಲ್ಲಿದೆ ಅಂತ ಯಾರೂ ಬೋರ್ಡು ಹಾಕುವುದಿಲ್ಲ. ಇಲ್ಲಿ ಹಾಕುತ್ತಾರೆ, ಅದೂ ಇಂಗ್ಲಿಷಿನಲ್ಲಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಪಡೆ ಮೊದಲು ಬೀಡುಬಿಟ್ಟದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ಹಲಸೂರಿನ ಬಯಲಿಗೆ ಬಂತು. ಅದೇ ದಂಡು. ದಂಡಿನ ಬೆನ್ನಹಿಂದೆ ಅಡಿಗೆಯವರು, ಬಟ್ಟೆ ಒಗೆಯುವವರು, ಕುದುರೆ ನೋಡುವವರು, ಕಸ ಗುಡಿಸುವವರು ಮದರಾಸು ಸೀಮೆಯಿಂದ ಬಂದರು. ಅವರಲ್ಲಿ ತಮಿಳು ಮಾತಾಡುವ ದಲಿತರು ಬಹಳ. ಸಾಹೇಬನಿಗೆ ಎಕರೆಗಟ್ಟಲೆ ಕಾಂಪೌಂಡು, ನಟ್ಟನಡುವೆ ಬಂಗಲೆ. ಅಡಿಗೆಮನೆ, ಲಾಯ, ಆಳುಗಳ ಔಟ್‌ಹೌಸು ಎಲ್ಲ ಹಿಂದಕ್ಕೆ. ಸಾಹೇಬನ ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು ಇರುತ್ತಿತ್ತು. ಆ ಬಾಗಿಲು ದೊರೆಗಲ್ಲ, ದೊರೆಸಾನಿಗೂ ಅಲ್ಲ; ಮಲದ ಡಬ್ಬ ಎತ್ತುವ ಜಾಡಮಾಲಿಗೆ. ಅವನು ಮನೆಯೊಳಗೆ ಕಾಲಿಡದೆ, ಯಾರ ಕಣ್ಣಿಗೂ ಬೀಳದೆ ಬಂದು ಹೋಗಬೇಕು. ಕ್ರೈಸ್ತ ದೊರೆಗೆ ಮಡಿಮೈಲಿಗೆ ಯಾರು ಕಲಿಸಿದರು? ಅನುಕೂಲವಿದ್ದರೆ ಯಾವ ಧರ್ಮದವನಾದರೂ ಬೇಗ ಕಲಿಯುತ್ತಾನೆ.

1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಕೇರಿಗಳ ಮನೆಗಳನ್ನು ಕಿತ್ತು ಹಾಕಿದರು. ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು: ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ, ದಂಡಿನ ಕಡೆ 1910ರ ಹೊತ್ತಿಗೆ ಫ್ರೇಜರ್ ಟೌನ್. ಈ ಕಾಲದ ಹೊಸ ಬಡಾವಣೆಗಳ ನಕ್ಷೆಯಲ್ಲಿ ಒಂದು ಚಮತ್ಕಾರವಿತ್ತು. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಹಾಕಿ ನಿಂತರೆ ನಡುವೆ ಒಂದು ಕಿರಿದಾದ ಸಂದಿ. ಅದನ್ನು ಕನ್ಸರ್ವೆನ್ಸಿ ಅಂತ ಕರೆದರು. ಮುಂದಿನ ರಸ್ತೆ ಮನೆಯವರಿಗೆ, ಹಿಂದಿನ ಸಂದಿ ಮಲ ಹೊರುವವರಿಗೆ. ಬಂಗಲೆಯ ಬಚ್ಚಲಿಗಿದ್ದ ಹೊರಬಾಗಿಲು ಹೀಗೆ ಒಂದು ಬೀದಿಯಷ್ಟು ಉದ್ದ ಬೆಳೆಯಿತು. ಹೊಸ ಊರು ಕಟ್ಟುವ ವಿಜ್ಞಾನ ಅಂತ ಇದನ್ನು ಹೊಗಳಿದವರುಂಟು. ವಿಜ್ಞಾನ ಇತ್ತು, ನಿಜ. ಇಲಿಗೆ ಬಿಲ ತೋಡಲು ಬಾರದ ಹಾಗೆ ಮನೆ ಕಟ್ಟುವುದು ಗೊತ್ತಿತ್ತು. ಡಬ್ಬ ಹೊರುವವನ ತಲೆಯಿಂದ ಡಬ್ಬ ಇಳಿಸುವುದು ಮಾತ್ರ ಯಾವ ಇಂಜಿನಿಯರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಒಬ್ಬ ದಲಿತ ಮಂತ್ರಿಗೆ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಆಡಿದ 'ಬೂಸಾ' ಮಾತಿಗೆ ಅವರ ಮಂತ್ರಿಗಿರಿ ಹೋಯಿತು, ಅದು ನಿಮಗೆಲ್ಲ ಗೊತ್ತಿರುವ ಕಥೆ. ಆ ಕಾಲದಲ್ಲೇ ದಂಡಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಾರ್ಪೊರೇಷನ್ನಿನ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗು ಎದ್ದಿತು. ಬೆಂಗಳೂರು ಆಕಾಶದ ಕಡೆ ನೋಡಲು ಶುರುಮಾಡಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯೂ ಬಂತು. ಫ್ಲಾಟು ಒಬ್ಬೊಬ್ಬರದು, ನೆಲ, ಮೆಟ್ಟಿಲು, ಲಿಫ್ಟು ಎಲ್ಲ ಮಾಲೀಕರೆಲ್ಲರದೂ ಸೇರಿ, ಅವುಗಳ ಉಸ್ತುವಾರಿ ಮಾಲೀಕರ ಸಂಘದ್ದು. ಲಿಫ್ಟಿನಲ್ಲಿ ಯಾರು ಹತ್ತಬೇಕು ಅನ್ನುವುದಕ್ಕೆ ಈ ಸಂಘವೇ ಪಂಚಾಯ್ತಿ, ಸಂಘವೇ ಗೌಡ.

ಆಮೇಲೆ ಬಂಗಲೆಗಳು ಒಂದೊಂದಾಗಿ ಬಿದ್ದವು. ಹಿಂದೆ ಗ್ರಾಂಟ್ ರಸ್ತೆ ಎನಿಸಿಕೊಂಡಿದ್ದ ವಿಠಲ ಮಲ್ಯ ರಸ್ತೆಯಲ್ಲಿ ಮಲ್ಯ ಕುಟುಂಬದ ಮನೆಯಿದ್ದ ಜಾಗದಲ್ಲಿ ಈಗಿರುವುದು 34 ಅಂತಸ್ತಿನ ಕಿಂಗ್‌ಫಿಷರ್ ಟವರ್ಸ್. ಅದರ ತುತ್ತತುದಿಗೆ ವಿಜಯ ಮಲ್ಯರಿಗೆಂದು ಸುಮಾರು 40,000 ಚದರಡಿಯ ಮನೆ. ಬಂಗಲೆಯನ್ನೇ ಎತ್ತಿ ಆಕಾಶದಲ್ಲಿಟ್ಟ ಹಾಗೆ. ಅವರ ವಿಮಾನ ಕಂಪನಿ ನೌಕರರ ಸಂಬಳ ಬಾಕಿ ಉಳಿಸಿಕೊಂಡು 2012ರಲ್ಲಿ ನಿಂತಿತು. ಅವರು 2016ರ ಮಾರ್ಚಿನಲ್ಲಿ ದೇಶ ಬಿಟ್ಟರು.

ಬಂಗಲೆ ಆಕಾಶಕ್ಕೆ ಹೋದಾಗ ಹಿತ್ತಿಲೂ ಜೊತೆಗೇ ಹೋಯಿತು. ಔಟ್‌ಹೌಸು ಸರ್ವೆಂಟ್ ರೂಮಾಯಿತು. ಅನೇಕ ಫ್ಲಾಟುಗಳಲ್ಲಿ ಅದಕ್ಕೆ ದಾರಿ ಪಾತ್ರೆ ತೊಳೆಯುವ ಮೂಲೆಯಿಂದ, ಅವಳಿಗೇ ಬೇರೆ ಕಕ್ಕಸು. ಸಂದಿ ಸರ್ವಿಸ್ ಲಿಫ್ಟಾಯಿತು. ಕಸದ ಚೀಲ, ಸೋಫಾ, ಸಿಮೆಂಟು, ನಾಯಿ, ಕೆಲಸದ ಹೆಂಗಸು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಸಾಹೇಬರ ಕಾಲದ ಬಟ್ಲರುಗಳು ಹಳೆಯ ದೊರೆ ಬರೆದುಕೊಟ್ಟ ಗುಣನಡತೆಯ ಚೀಟಿಯನ್ನು ಜೋಪಾನ ಮಾಡಿ ಹೊಸ ದೊರೆಗೆ ತೋರಿಸುತ್ತಿದ್ದರು. ಆ ಚೀಟಿ ಈಗ ಮೊಬೈಲಿನ ಆ್ಯಪಿಗೆ ಹೋಗಿದೆ: ಇವಳು ಗೇಟಿಗೆ ಎಷ್ಟು ಹೊತ್ತಿಗೆ ಬಂದಳು, ಎಷ್ಟು ಹೊತ್ತಿಗೆ ಹೋದಳು, ಇವಳಿಗೆ ಐದರಲ್ಲಿ ಎಷ್ಟು ನಕ್ಷತ್ರ. ಬಟ್ಲರನ ಚೀಟಿ ಅವನ ಜೇಬಿನಲ್ಲಾದರೂ ಇತ್ತು. 2023ರಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಸಂಘ, ಕೆಲಸದವರು ಸಾರ್ವಜನಿಕ ಜಾಗದ ಸೋಫಾಗಳಲ್ಲಿ ಕೂರಬಾರದು ಅಂತ ಸೂಚನೆ ಹೊರಡಿಸಿದ್ದು ಪತ್ರಿಕೆಗಳಲ್ಲಿ ಬಂತು. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ಕೂಲಿಗೆ ಕಾಗದ ಇದೆ, ಕೂರುವುದಕ್ಕೆ ಇಲ್ಲ.

ಇವರು ರಾತ್ರಿ ಮಲಗುವುದೆಲ್ಲಿ? ಇಂದಿರಾನಗರದ ದಕ್ಷಿಣಕ್ಕೆ, ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗೂ ಸರ್ಕಾರಿ ಫ್ಲಾಟುಗಳಿದ್ದವು, 1,512 ಮನೆ. ಕಳಪೆ ಕೆಲಸ, ಕೆಲವೇ ವರ್ಷಕ್ಕೆ ಕುಸಿಯತೊಡಗಿದವು. ಮನೆ ಬಿದ್ದ ಜಾಗದಲ್ಲೇ ಜನ ತಗಡಿನ ಷೆಡ್ಡು ಹಾಕಿಕೊಂಡರು. ದಲಿತರು, ಮುಸಲ್ಮಾನರೇ ಹೆಚ್ಚು. ಹೆಂಗಸರಲ್ಲಿ ಬಹಳ ಮಂದಿ ಸುತ್ತಲಿನ ಫ್ಲಾಟುಗಳ ಮನೆಗೆಲಸದವರು. ಆ ನೆಲದಲ್ಲಿ ಒಂದು ಪಾಲು ಮನೆಗೆ, ಒಂದು ಪಾಲು ಮಾಲ್‌ಗೆ ಅಂತ ಪಾಲಿಕೆ ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರು ಬಂತು. ಅವರಿಗೆ ತೋರಿಸಿದ ಜಾಗ ಸರ್ಜಾಪುರದ ಕಡೆಯ ಸೂಲಿಕುಂಟೆ. ಅಲ್ಲಿಂದ ಬೆಳಗಿನ ಪಾತ್ರೆಗೆ ಬರಬೇಕಾದರೆ ಯಾವ ಹೊತ್ತಿಗೆ ಬಸ್ಸು ಹತ್ತಬೇಕು, ನೀವೇ ಲೆಕ್ಕ ಹಾಕಿ.

ನೀರಿನ ಮಾತು ಬೇರೆಯೇ ಒಂದು ಲೇಖನ. ನಮ್ಮ ಊರುಗಳಲ್ಲಿ ಕೆರೆಯ ತೂಬು ಎತ್ತಿ ಇಳಿಸುತ್ತಿದ್ದ ನೀರಗಂಟಿ ಸಾಮಾನ್ಯವಾಗಿ ನಮ್ಮವನೇ. ಕಾಲುವೆಯ ಮೇಲೆ ಕಟ್ಟಡ ಬಂದ ಕಡೆ ನೀರಗಂಟಿಗೆ ಕೆಲಸವಿಲ್ಲ, ನೀರಿಗೆ ದಾರಿಯಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆಯ ಸಿರಿವಂತರು ಟ್ರ್ಯಾಕ್ಟರು ಹತ್ತಿ ಹೊರಗೆ ಬಂದರು. 2024ರ ಮಾರ್ಚಿನಲ್ಲಿ ಬರ ಬಿದ್ದು, ಈಜುಕೊಳಕ್ಕೆ ಕುಡಿಯುವ ನೀರು ತುಂಬಬಾರದು ಅಂತ ಜಲಮಂಡಳಿ ಆಜ್ಞೆ ಮಾಡಬೇಕಾಯಿತು.

ಒಳಗೆ ಬರುವ ನೀರು ಹೊರಗೂ ಹೋಗಬೇಕಲ್ಲ. ಊರು ಬೆಳೆದಷ್ಟು ಬೇಗ ಒಳಚರಂಡಿ ಬೆಳೆಯಲಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಮಲವನ್ನು ತಾವೇ ಶುದ್ಧಿಮಾಡುವ ಘಟಕ ಇಟ್ಟುಕೊಳ್ಳಬೇಕು ಅಂತ ನಿಯಮ ಬಂತು. ಅದು ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೋ ಅಡಿಯಲ್ಲೋ ಇರುತ್ತದೆ. ಯಂತ್ರ ಕೆಟ್ಟರೆ, ಗಸಿ ಕಟ್ಟಿಕೊಂಡರೆ ಇಳಿಯುವವನು ಒಬ್ಬ ಬೇಕು. ರಕ್ಷಣಾ ಸಾಧನ ಕೊಡದೆ ಹಾಗೆ ಇಳಿಸುವುದನ್ನು 2013ರ ಕಾನೂನು ಅಪರಾಧ ಅಂದಿದೆ. 2017ರ ಮಾರ್ಚಿನಲ್ಲಿ ಇಂದಿರಾನಗರದ ಆಚೆಯ ಕಗ್ಗದಾಸಪುರದಲ್ಲಿ ಬೀದಿಯ ಮ್ಯಾನ್‌ಹೋಲಿಗೆ ಇಳಿದು ಮೂವರು ಸತ್ತರು. ಹತ್ತು ತಿಂಗಳಿಗೆ, 2018ರ ಜನವರಿಯಲ್ಲಿ, ಎಚ್‌ಎಸ್‌ಆರ್ ಬಡಾವಣೆಯ ಹತ್ತಿರ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಶುದ್ಧೀಕರಣ ಘಟಕದಲ್ಲಿ ಮತ್ತೆ ಮೂವರು. ಬಸವಲಿಂಗಪ್ಪನವರು ತಲೆಯಿಂದ ಇಳಿಸಿದ್ದನ್ನು ಈ ಕಟ್ಟಡಗಳು ನೆಲದಡಿಗೆ ಸಾಗಿಸಿವೆ.

ಲಿಫ್ಟಿನ ಬಗ್ಗೆ ಕೇಳಿದರೆ ಸಂಘದವರ ಉತ್ತರ ಸಿದ್ಧವಾಗಿರುತ್ತದೆ: ಇದರಲ್ಲಿ ಜಾತಿ ಎಲ್ಲಿ ಬಂತು, ಬರೀ ಶುಚಿತ್ವ, ಬರೀ ಭದ್ರತೆ. ಸಂವಿಧಾನದ 17ನೇ ವಿಧಿಯೂ 1955ರ ಕಾಯಿದೆಯೂ ಅಸ್ಪೃಶ್ಯತೆಗೆ ಮಾತ್ರ ಅನ್ವಯಿಸುತ್ತವೆ. ಶುಚಿತ್ವ ಅಂದರೆ ಜಾರಿಕೊಳ್ಳಬಹುದು. ಬ್ರೆಜಿಲ್ ದೇಶದಲ್ಲೂ ಇದೇ ಗೋಳಿತ್ತು. ಅಲ್ಲಿ ಗುಲಾಮಗಿರಿ ಹೋದದ್ದು 1888ರಲ್ಲಿ, ಆದರೆ ಕಪ್ಪು ಹೆಂಗಸರು ಸರ್ವಿಸ್ ಲಿಫ್ಟಿನಲ್ಲೇ ಹತ್ತುತ್ತಿದ್ದರು. ಸಾವೊ ಪಾಲೊ ನಗರಸಭೆ 1996ರಲ್ಲಿ ಒಂದು ಕಾನೂನು ಮಾಡಿತು: ಬಣ್ಣ, ಹುಟ್ಟು, ಅಂತಸ್ತು ನೋಡಿ ಯಾರನ್ನೂ ಲಿಫ್ಟಿನಲ್ಲಿ ತಡೆಯುವ ಹಾಗಿಲ್ಲ. ಜಾತಿಯನ್ನು ರುಜುವಾತು ಮಾಡಿ ಅಂತ ಕೆಲಸದವಳನ್ನು ಕೇಳದ ಇಂಥದೊಂದು ಬೈಲಾ ಬರೆಯಲು ನಮ್ಮ ನಗರಪಾಲಿಕೆಗಳಿಗೆ ಏನು ಅಡ್ಡಿ?