ಮನಸ್ಸಾಕ್ಷಿಯ ಬೆಲೆ ತೆರುವವರು ಯಾರು?

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಊರು. ಕಲ್ಯಾಣದ ಕ್ರಾಂತಿಯ ನಂತರ ಕೂಡಲಸಂಗಮದಲ್ಲಿದ್ದ ಬಸವಣ್ಣನವರು ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರೆಂದು ಶರಣರ ಕಥೆಗಳು ಹೇಳುತ್ತವೆ. ಸಂಗಯ್ಯ ಅಲ್ಲಿರುವಂತೆ ಇಲ್ಲಿಯೂ ಇದ್ದಾನೆಂದು ನಂಬಿದ ಆಕೆ ಸಂಗಮಕ್ಕೆ ಹೋಗದೆ ಇಲ್ಲಿಯೇ ಐಕ್ಯರಾದರು. ಬಸವಣ್ಣನವರ ಕರೆಗೂ ತನ್ನ ಅರಿವನ್ನು ಬಿಟ್ಟುಕೊಡದ ಹೆಣ್ಣು ಅವರು.

ಕ್ಷೇತ್ರಕಾರ್ಯಕ್ಕೆಂದು ತಂಗಡಗಿಗೆ ಹೋದಾಗ ಆ ಕಥೆ ನನ್ನನ್ನು ನನ್ನ ಸಂಶೋಧನೆಯ ಪ್ರಶ್ನೆಗೇ ತಂದು ನಿಲ್ಲಿಸಿತು. ‘ಈ ಕೆಲಸಕ್ಕೆ ನನ್ನ ಮನಸ್ಸು ಒಪ್ಪದು’ ಎನ್ನುವ ವೈದ್ಯರಿಗೆ, ದಾದಿಯರಿಗೆ ನಮ್ಮ ಕಾನೂನು ಏನು ಹೇಳುತ್ತದೆ?

ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯ 4ನೇ ಸೆಕ್ಷನ್, ಮನಸ್ಸಾಕ್ಷಿ ಒಪ್ಪದವರು ಆ ಚಿಕಿತ್ಸೆಯಲ್ಲಿ ಭಾಗಿಯಾಗಬೇಕಿಲ್ಲ ಎನ್ನುತ್ತದೆ. ಆದರೆ ತಾಯಿಯ ಜೀವ ಉಳಿಸಬೇಕಾದಾಗ ಈ ವಿನಾಯಿತಿ ಇಲ್ಲ. ನಾಲ್ಕು ವರ್ಷಗಳ ನಂತರ, 1971ರಲ್ಲಿ ಬಂದ ನಮ್ಮ ಕಾಯ್ದೆಯಲ್ಲಿ ಅಂಥ ಸೆಕ್ಷನ್ನೇ ಇಲ್ಲ. 2002ರ ವೈದ್ಯಕೀಯ ನೀತಿಸಂಹಿತೆ ಇನ್ನೂ ಮುಂದೆ ಹೋಯಿತು. ವೈದ್ಯಕೀಯ ಕಾರಣವಿರುವಾಗ ಕೇವಲ ಧರ್ಮದ ನೆಪದಲ್ಲಿ ಸಂತಾನಹರಣ, ಗರ್ಭನಿರೋಧ, ಗರ್ಭಪಾತಗಳನ್ನು ವೈದ್ಯರು ನಿರಾಕರಿಸುವುದನ್ನು ಅದು ದುರ್ನಡತೆಯ ಅಧ್ಯಾಯದಲ್ಲಿ ಸೇರಿಸಿದೆ. ಸಂವಿಧಾನದ 25ನೇ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ ನಿಜ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು.

ಇದು ಮೊದಲು ನನಗೆ ಕಠೋರವೆನಿಸಿತ್ತು. ಆದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಒಬ್ಬರೇ ವೈದ್ಯರಿದ್ದು, ಅವರೂ ಒಲ್ಲೆ ಎಂದರೆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದುದೇ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಗಲು ಒಂದು ಮುಖ್ಯ ಕಾರಣ. 1971ರ ಕಾಯ್ದೆಗೆ ದಾರಿ ಮಾಡಿದ್ದು ಅದೇ ಸಮಿತಿಯ ವರದಿ.

ಆದರೂ ಇದಕ್ಕೊಂದು ಮಗ್ಗುಲಿದೆ. ತುರ್ತುಪರಿಸ್ಥಿತಿಯಲ್ಲಿ, 1976–77ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಟ್ಟ ಗುರಿ ಸುಮಾರು 43 ಲಕ್ಷ. ನಡೆದದ್ದು 80 ಲಕ್ಷಕ್ಕೂ ಹೆಚ್ಚು. ಗುರಿ ಮುಟ್ಟದ ನೌಕರರ ಸಂಬಳ ತಡೆದದ್ದನ್ನು ಷಾ ಆಯೋಗ ದಾಖಲಿಸಿದೆ. ನಮ್ಮ ಕಡೆಯ ನಿವೃತ್ತ ನರ್ಸಬಾಯಿಯೊಬ್ಬರನ್ನು ಆ ದಿನಗಳ ಬಗ್ಗೆ ಕೇಳಿದೆ. ‘ಕೇಸ್ ತರಲಿಲ್ಲಂದ್ರ ಪಗಾರ ಹಿಡೀತಿದ್ರು, ತಂಗಿ. ಬ್ಯಾಡ ಅನ್ನಾಕ ನಾವ್ಯಾರು?’ ಎಂದು ಸುಮ್ಮನಾದರು. ಒಲ್ಲದವರನ್ನು ಮೇಜಿನ ಮೇಲೆ ಮಲಗಿಸಲಾರೆ ಎನ್ನುವ ದಾದಿಗೆ ಅಂದು ಯಾವ ಸೆಕ್ಷನ್ನೂ ಆಸರೆಯಾಗಲಿಲ್ಲ. ಇಂಥ ಗುರಿಗಳನ್ನು ಕೇಂದ್ರ ಸರ್ಕಾರ ಕೈಬಿಟ್ಟದ್ದು 1996ರಲ್ಲಿ.

ಎರಡೂ ನಿರಾಕರಣೆಗಳನ್ನು ‘ಮನಸ್ಸಾಕ್ಷಿ’ ಎಂಬ ಒಂದೇ ಹೆಸರಿನಿಂದ ಕರೆದರೆ ಇತಿಹಾಸ ಮಸುಕಾಗುತ್ತದೆ. ಮೊದಲನೆಯದರ ಬೆಲೆಯನ್ನು ಬಾಗಿಲಲ್ಲಿ ನಿಂತ ಹೆಣ್ಣು ತೆರುತ್ತಾಳೆ. ಎರಡನೆಯದರ ಬೆಲೆಯನ್ನು ಒಲ್ಲೆ ಎಂದವಳೇ ತೆರುತ್ತಾಳೆ. ಅದರಿಂದ ಉಳಿಯುವುದು ಇನ್ನೊಬ್ಬರ ಮೈ. ಕಾನೂನು ಮೊದಲನೆಯದಕ್ಕೆ ಮಿತಿ ಹಾಕಿತು, ಸರಿಯೇ. ಎರಡನೆಯದಕ್ಕೆ ರಕ್ಷಣೆ ಕೊಡುವುದನ್ನು ಮಾತ್ರ ಮರೆಯಿತು.

ನೀಲಾಂಬಿಕೆ ತಮ್ಮ ನಿರಾಕರಣೆಯ ಭಾರವನ್ನು ಬೇರೆಯವರ ಹೆಗಲಿಗೆ ಹೊರಿಸಲಿಲ್ಲ. ತಂಗಡಗಿಯಿಂದ ಮರಳುವಾಗ ನನಗೆ ಸಿಕ್ಕ ಅಳತೆಗೋಲು ಇದು. ಆ ನರ್ಸಬಾಯಿಯ ಪ್ರಶ್ನೆಗೆ ಉತ್ತರ ಬರೆಯುವುದು ಇನ್ನೂ ಬಾಕಿಯಿದೆ.